ಕ್ಯಾಮೆರಾಕ್ಕೆ ಹೊರಗಣ ಸನ್ನೆ

ಮಸ್ಕಿಯ ಅಶೋಕಶಾಸನವು 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಬಿದ್ದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಆ ಊರಿನ ಬಂಡೆಯನ್ನು ಚಿತ್ರಿಸುವವನಿಗೆ ಕಾಲದ ತೊಂದರೆಯಿಲ್ಲ. ಅಕ್ಷರಗಳ ಮೇಲೆ ಓರೆಬೆಳಕು ಬೀಳುವವರೆಗೆ ಕಾದು, ತನಗೆ ಬೇಕಾದಾಗ ಕ್ಯಾಮೆರಾದ ಕಣ್ಣನ್ನು ತೆರೆಯಬಹುದು.

ನೆರೆಯ ಸಿಂಧನೂರಿನ ಅಕ್ಕಿಗಿರಣಿಗಳಲ್ಲಿ ಸ್ಥಿತಿಯು ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಬತ್ತವು ಅಕ್ಕಿಯಾದ ಮೇಲೆ, ಕರಿಕಾಳನ್ನೂ ಕಲ್ಲನ್ನೂ ಬೇರ್ಪಡಿಸಲು ಬಣ್ಣ ನೋಡುವ ಯಂತ್ರದೊಳಗೆ ಜಾರುತ್ತದೆ. ಗಿರಣಿಯವರು ಇದನ್ನು ಸಾರ್ಟೆಕ್ಸ್ ಎನ್ನುವರು. ಇಲ್ಲಿ ನೋಡತಕ್ಕ ವಸ್ತುವು ನಿಲ್ಲುವುದೇ ಇಲ್ಲ. ಕಾಳಿನ ವೇಗವು ಸೆಕೆಂಡಿಗೆ 3 ಮೀಟರೆಂದು ಇಟ್ಟುಕೊಂಡರೆ, ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ ಕಣ್ಣು ತೆರೆದಿದ್ದರೂ ಅದು 3 ಮಿಲಿಮೀಟರು ಸರಿದು, ಅದರ ಮೇಲಣ ಕಪ್ಪುಚುಕ್ಕೆಯು ಚಿತ್ರದಲ್ಲಿ ಮಾಸಿಹೋಗುವುದು. ಹತ್ತುಸಾವಿರದಲ್ಲೊಂದು ಭಾಗಕ್ಕೆ ತಂದರೆ ಆ ದೂರವು 0.3 ಮಿಲಿಮೀಟರಿಗೆ ಇಳಿಯುವುದು. ಆದರೆ ದೀಪದ ಬೆಳಕು ಹತ್ತುಪಟ್ಟು ಬೇಕು.

ಎಷ್ಟು ಹೊತ್ತು ಎಂಬುದಕ್ಕಿಂತ ಯಾವಾಗ ಎಂಬುದೇ ಕಠಿನವಾದ ಪ್ರಶ್ನೆ. ಕಾರ್ಖಾನೆಯ ಕ್ಯಾಮೆರಾಗಳಲ್ಲಿ ಇದನ್ನು ಹೊರಗಿನಿಂದ ಬರುವ ವಿದ್ಯುತ್ತಿನ ಸನ್ನೆಗೆ ಒಪ್ಪಿಸುವರು. ಟ್ರಿಗರ್ ಎಂಬ ಹೆಸರು ರೂಢಿಯಲ್ಲಿದ್ದರೂ 'ಸನ್ನೆ'ಯೆಂಬ ಮಾತೇ ಅದರ ಕೆಲಸವನ್ನು ಚೆನ್ನಾಗಿ ತಿಳಿಸುತ್ತದೆ. ಸನ್ನೆಯನ್ನು ಎರಡು ಬಗೆಯಾಗಿ ಬಳಸಬಹುದು. ಒಂದರಲ್ಲಿ ವಿದ್ಯುತ್ತು ಏರಿದ ಕ್ಷಣವು ಆರಂಭವನ್ನು ಮಾತ್ರ ಸೂಚಿಸುತ್ತದೆ. ಅವಧಿಯನ್ನು ಕ್ಯಾಮೆರಾ ತನ್ನ ಗಡಿಯಾರದಿಂದ ಅಳೆದುಕೊಳ್ಳುತ್ತದೆ. ಇನ್ನೊಂದರಲ್ಲಿ ಸನ್ನೆ ಇರುವಷ್ಟು ಹೊತ್ತೂ ಕಣ್ಣು ತೆರೆದಿರುತ್ತದೆ. ಮೋಟಾರುಗಳ ಸಮೀಪದಲ್ಲಿ ತಂತಿಯೊಳಗೆ ಹುಸಿಸನ್ನೆಯೂ ಹುಟ್ಟೀತು. ಆಗ ಕ್ಯಾಮೆರಾ ಬರಿಯ ಗಾಳಿಯನ್ನು ಚಿತ್ರಿಸುವುದು. ಅದನ್ನು ತಡೆಯಲೆಂದು ಸನ್ನೆಯನ್ನು ನಡುವೆ ಬೆಳಕಾಗಿ ಮಾರ್ಪಡಿಸಿ ದಾಟಿಸುವರು.

ಧಾನ್ಯವನ್ನು ಪಟ್ಟಿಯ ಮೇಲೆ ಸಾಗಿಸುವ ಯಂತ್ರಗಳಲ್ಲಿ ಕ್ಯಾಮೆರಾ ಒಂದೊಂದೇ ಗೆರೆಯಾಗಿ ನೋಡುತ್ತದೆ. ಗೆರೆಗಳನ್ನು ಗಡಿಯಾರದಂತೆ ಎಣಿಸಿದರೆ, ಪಟ್ಟಿಯ ವೇಗ ತಗ್ಗಿದಾಗ ದುಂಡುಕಾಳು ನೀಳವಾಗಿ ತೋರುವುದು. ಆದಕಾರಣ ಉರುಳೆಗೆ ಜೋಡಿಸಿದ ಎನ್‌ಕೋಡರು ಪಟ್ಟಿಯು ಇಷ್ಟು ಸರಿಯಿತೆಂದು ಸನ್ನೆ ಕೊಟ್ಟಾಗಲೇ ಒಂದು ಗೆರೆ. ಕಾಲವನ್ನು ಬಿಟ್ಟು ದೂರವನ್ನು ಎಣಿಸುವುದೇ ಇದರ ಮರ್ಮ.

ಕೆಟ್ಟ ಕಾಳನ್ನು ಕಂಡ ಮೇಲೆ ಗಾಳಿಯ ಹೊಡೆತದಿಂದ ಅದನ್ನು ತಳ್ಳಬೇಕಷ್ಟೆ. ನೋಟದ ಗೆರೆಗೂ ಗಾಳಿಯ ಕೊಳವೆಗೂ 6 ಸೆಂಟಿಮೀಟರು ಅಂತರವಿದ್ದರೆ, ಮೇಲೆ ಹೇಳಿದ ವೇಗದಲ್ಲಿ ಕಾಳು ಅಲ್ಲಿಗೆ ಬರಲು 20 ಮಿಲಿಸೆಕೆಂಡು ಹಿಡಿಯುವುದು. ಹೊಡೆತವು 2 ಮಿಲಿಸೆಕೆಂಡು ತಡವಾದರೂ 6 ಮಿಲಿಮೀಟರಿನ ತಪ್ಪು. ಅಷ್ಟರಲ್ಲಿ ಕರಿಕಾಳು ದಾಟಿಹೋಗಿ, ಅದರ ಹಿಂದೆ ಬಂದ ಒಳ್ಳೆಯ ಅಕ್ಕಿಯು ಕಸದ ರಾಶಿಗೆ ಬೀಳುತ್ತದೆ.