ಸಂಘದ ಪಟ್ಟಿಯಲ್ಲಿ ಮಗು ಎಲ್ಲಿದೆ?

ಈಚೆಗೆ ನಮ್ಮ ಜಿಲ್ಲೆಯ ಶಿಕ್ಷಕರ ಸಂಘವೊಂದರ ಸಭೆಗೆ ಹೋಗಿದ್ದೆ. ನನಗೆ ಅಕ್ಷರ ಕಲಿಸಿದ ಮೇಷ್ಟ್ರು ಕರೆದಿದ್ದರು. ವೇದಿಕೆಯ ಮೇಲೆ ಶಾಲು, ಹಾರ, ಪೇಟ. ಬೇಡಿಕೆಗಳ ಪಟ್ಟಿ ಓದಿದರು: ವೇತನ, ಪಿಂಚಣಿ, ಬಡ್ತಿ, ವರ್ಗಾವಣೆ. ಎಲ್ಲವೂ ನ್ಯಾಯವಾದವೇ. ಕೊನೆಗೆ ಮೇಷ್ಟ್ರು ಎದ್ದು, “ನಮ್ಮ ಕೇರಿ ಪಕ್ಕದ ಸ್ಕೂಲಲ್ಲಿ ಐದು ಕ್ಲಾಸಿಗೂ ನಾನೊಬ್ನೇ ಇದ್ದೀನಿ. ಇದನ್ನೂ ಒಂದು ಬೇಡಿಕೆ ಅಂತ ಬರ್ಕೊಳ್ಳಿ” ಎಂದರು. “ಅದು ಇಲಾಖೆ ವಿಷಯ ಮೇಷ್ಟ್ರೇ, ಸಂಘದ್ದಲ್ಲ. ಕೂತ್ಕೊಳ್ಳಿ” ಎಂಬ ಉತ್ತರ ಬಂತು. ಯಾರೋ ನಕ್ಕರು. ಮೇಷ್ಟ್ರು ಕೂತರು.

ಮಗುವಿನ ಕಲಿಕೆ ಸಂಘದ ವಿಷಯವಲ್ಲ ಎಂಬ ಈ ಮಾತು ಒಬ್ಬ ಅಧ್ಯಕ್ಷರ ಒರಟುತನವಷ್ಟೇ ಅಲ್ಲ. ಅದರ ಹಿಂದೆ ಒಂದು ವ್ಯವಸ್ಥೆ ಇದೆ.

ಮೊದಲು ಪ್ರಾತಿನಿಧ್ಯವನ್ನು ನೋಡೋಣ. ಸಂವಿಧಾನದ 171ನೆಯ ವಿಧಿಯ ಪ್ರಕಾರ ವಿಧಾನ ಪರಿಷತ್ತಿಗೆ ಶಿಕ್ಷಕರೇ ಸದಸ್ಯರನ್ನು ಆರಿಸುತ್ತಾರೆ. ಕರ್ನಾಟಕದ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದವು. ಆದರೆ ಪ್ರೌಢಶಾಲೆಗಿಂತ ಕೆಳಗಿನ ಹಂತದಲ್ಲಿ ಪಾಠ ಮಾಡುವವರಿಗೆ ಇಲ್ಲಿ ಮತವಿಲ್ಲ. ಕಾಲೇಜಿನಲ್ಲಿ ಮೂರು ವರ್ಷ ಪಾಠ ಮಾಡಿದ ನಾನು ಶಿಕ್ಷಕ ಮತದಾರ. ನನಗೆ ‘ಅ ಆ’ ತಿದ್ದಿಸಿದ ಮೇಷ್ಟ್ರು ಅಲ್ಲ! ಮತ ಇರುವ ಕಡೆಗೇ ನಾಯಕತ್ವ ಬಾಗುತ್ತದೆ. ಹೀಗಾಗಿ ಕೇರಿಯ ಮಕ್ಕಳು ಅತಿ ಹೆಚ್ಚು ಇರುವ ಶಾಲೆಯ ಮೇಷ್ಟ್ರಿಗೆ, ಶಿಕ್ಷಕರ ರಾಜಕಾರಣದಲ್ಲಿ ಅತಿ ಕಡಿಮೆ ಬೆಲೆ.

ಅಂಬೇಡ್ಕರ್ ಇದನ್ನು ಶ್ರೇಣೀಕೃತ ಅಸಮಾನತೆ ಎಂದರು. ಈ ಏಣಿಯಲ್ಲಿ ಪ್ರತಿಯೊಬ್ಬನಿಗೂ ಕೀಳಾಗಿ ನೋಡಲು ಕೆಳಗೊಬ್ಬ ಸಿಗುತ್ತಾನೆ. ವಿಶ್ವವಿದ್ಯಾಲಯದ ಕೆಳಗೆ ಕಾಲೇಜು, ಅದರ ಕೆಳಗೆ ಹೈಸ್ಕೂಲು, ಆಮೇಲೆ ಪ್ರೈಮರಿ; ಕಾಯಂ ಮೇಷ್ಟ್ರ ಕೆಳಗೆ ಅತಿಥಿ ಶಿಕ್ಷಕ; ಎಲ್ಲರ ಕೆಳಗೆ ಬಿಸಿಯೂಟದ ಅಮ್ಮ. ಒಟ್ಟಿಗೆ ಸೇರಿ ಕೇಳಬೇಕಾದವರು ತಮ್ಮ ತಮ್ಮ ಮೆಟ್ಟಿಲನ್ನು ಕಾಯುತ್ತಿದ್ದಾರೆ.

ಸಂಘಗಳ ಈ ಕುರುಡು ಹೊಸದಲ್ಲ. 1938ರಲ್ಲಿ ಮನ್ಮಾಡಿನ ದಲಿತ ರೈಲ್ವೆ ಕಾರ್ಮಿಕರ ಸಭೆಯಲ್ಲಿ ಅಂಬೇಡ್ಕರ್, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡೂ ಕಾರ್ಮಿಕರ ಶತ್ರುಗಳು ಎಂದರು. ಕೂಲಿಗಾಗಿ ಹೋರಾಡುವ ಸಂಘ, ಕಾರ್ಮಿಕರ ನಡುವಿನ ಜಾತಿಯ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಇಂದಿನ ಶಿಕ್ಷಕರ ಸಂಘಕ್ಕೂ ಅದೇ ಪ್ರಶ್ನೆ ಕೇಳಬೇಕು. 2023ರ ಡಿಸೆಂಬರಿನಲ್ಲಿ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂತು. ಅದೂ ಬರೀ ‘ಇಲಾಖೆ ವಿಷಯ’ವೇ?

ಬೇರೆ ದಾರಿಯೂ ನಮ್ಮ ಚರಿತ್ರೆಯಲ್ಲೇ ಇದೆ. 1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿಬಾ ಫುಲೆ ಹೇಳಿದ್ದನ್ನು ಗಮನಿಸಿ. ರೈತರ ತೆರಿಗೆಯ ಹಣ ಮೇಲ್ಜಾತಿಯ ಉನ್ನತ ಶಿಕ್ಷಣಕ್ಕೆ ಹೋಗುತ್ತಿದೆ, ಪ್ರಾಥಮಿಕ ಶಿಕ್ಷಣ ಸೊರಗಿದೆ ಎಂದರು. ಅದೇ ಉಸಿರಿನಲ್ಲಿ, ಮೇಷ್ಟ್ರುಗಳು ದುಡಿಯುವ ಜಾತಿಗಳಿಂದ ಬರಬೇಕು, ಅವರಿಗೆ ತರಬೇತಿ, ಒಳ್ಳೆಯ ಸಂಬಳ ಸಿಗಬೇಕು ಎಂದೂ ಕೇಳಿದರು. ಅವರಿಗೆ ಮೇಷ್ಟ್ರ ಸಂಬಳ ಮತ್ತು ಮಗುವಿನ ಕಲಿಕೆ ಎರಡು ಬೇಡಿಕೆಗಳಾಗಿರಲಿಲ್ಲ. ನಮ್ಮ ಸಂಘಗಳು ಕತ್ತರಿಸಿದ್ದು ಈ ಕೊಂಡಿಯನ್ನೇ.

ಕೊಂಡಿ ಕತ್ತರಿಸಿದ್ದು ಯಾಕೆ ಸುಲಭವಾಯ್ತು? ಮೇಷ್ಟ್ರುಗಳ ಮಕ್ಕಳೇ ಸರ್ಕಾರಿ ಶಾಲೆಯಲ್ಲಿ ಇಲ್ಲ. ನನ್ನ ಸಹೋದ್ಯೋಗಿಗಳ ಮಕ್ಕಳೂ ಕಾನ್ವೆಂಟಿನಲ್ಲಿದ್ದಾರೆ. 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟ್, ಸರ್ಕಾರದಿಂದ ಸಂಬಳ ಪಡೆಯುವವರು ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ಮಾಡಬೇಕೆಂದು ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿತು. ಅದು ಜಾರಿಗೆ ಬರಲಿಲ್ಲ. ಉಳ್ಳವರು ಎದ್ದು ಹೋದ ಮೇಲೆ ಶಾಲೆಯಲ್ಲಿ ಉಳಿದದ್ದು ಕೇರಿ, ಹಟ್ಟಿ, ತಾಂಡಾದ ಮಕ್ಕಳು. ಶಾಲೆಯ ಬೆಲೆ ಕುಸಿದದ್ದು ಪಾಠ ಕೆಟ್ಟಿದ್ದರಿಂದ ಮಾತ್ರವಲ್ಲ, ಅಲ್ಲಿ ಕೂತವರು ಯಾರು ಎಂಬುದರಿಂದಲೂ. ಇದು ಜಾತಿ ಹಾಕಿದ ಬೆಲೆ.

ಇಲ್ಲಿ ಒಂದು ಎಚ್ಚರ ಬೇಕು. ‘ಮೇಷ್ಟ್ರು ಸೋಮಾರಿ, ಸಂಘ ದಂಡ, ಶಾಲೆ ಮುಚ್ಚಿ’ ಎನ್ನುವವರ ಜೊತೆ ನಾವು ದನಿಗೂಡಿಸಬಾರದು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಮೇಷ್ಟ್ರನ್ನು ಹಚ್ಚಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಸೆಕ್ಷನ್ ಹೇಳುತ್ತದೆ. ಆದರೂ ಮೇಷ್ಟ್ರ ಅರ್ಧ ದಿನ ಮಾಹಿತಿ ತುಂಬುವುದರಲ್ಲೇ ಕಳೆಯುತ್ತದೆ. ಇದನ್ನು ಒಬ್ಬಂಟಿ ಮೇಷ್ಟ್ರು ಪ್ರಶ್ನಿಸಲಾರರು. ಅದಕ್ಕೆ ಸಂಘ ಬೇಕೇ ಬೇಕು. ದಲಿತ ಶಿಕ್ಷಕರಿಗಂತೂ ಇನ್ನೂ ಬೇಕು.

ಆದ್ದರಿಂದ ನಮ್ಮ ಕೆಲಸ ಸಂಘ ಒಡೆಯುವುದಲ್ಲ, ಅದರ ಪಟ್ಟಿಯನ್ನು ತಿದ್ದುವುದು. ಏಕೋಪಾಧ್ಯಾಯ ಶಾಲೆಗೆ ಇನ್ನೊಬ್ಬ ಮೇಷ್ಟ್ರು, ಅತಿಥಿ ಶಿಕ್ಷಕರಿಗೆ ಸದಸ್ಯತ್ವ, ಪ್ರೈಮರಿ ಮೇಷ್ಟ್ರಿಗೆ ಮತ, ಶಾಲೆಯೊಳಗಿನ ಅಸ್ಪೃಶ್ಯತೆಯ ವಿರುದ್ಧ ಸಂಘದ್ದೇ ಆದ ನಿಲುವು: ಇವು ಪಿಂಚಣಿಯ ಪಕ್ಕದಲ್ಲೇ ಬರಬೇಕು. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಕೂಡ ಕಾಲೇಜು ಮೇಷ್ಟ್ರೇ. ಸ್ಟಾಫ್ ರೂಮಿನಿಂದ ಕೇರಿಗೆ ದಾರಿ ಇದೆ ಎಂದು ಅವರು ತೋರಿಸಿ ಹೋಗಿದ್ದಾರೆ.

ಸಭೆ ಮುಗಿದು ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಮೇಷ್ಟ್ರು, “ಮುಂದಿನ ಸಭೆಗೂ ಬಾರಪ್ಪ. ನಾನು ಮತ್ತೆ ಕೇಳ್ತೀನಿ. ಆಗ ನೀನೂ ಎದ್ದು ನಿಲ್ಲು” ಎಂದರು. ಮತ ಇರುವ ನಾನು ಆ ದಿನ ಸುಮ್ಮನೆ ಕೂತಿದ್ದೆ. ಮುಂದಿನ ಸಲ ಕೂರುವುದಿಲ್ಲ.