ಬಾಂಬು ಬೀಳುವುದು ಮುಂಬಯಿಗಾದರೆ ಡೊಂಬಿವಲಿಗೇನು?

2025ರ ಮೇ 7ರಂದು ದೇಶದ ನೂರಾರು ಜಿಲ್ಲೆಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆಯಿತು. ಮಹಾರಾಷ್ಟ್ರದ ಪಟ್ಟಿಯಲ್ಲಿ ಮುಂಬಯಿ, ಉರಣ್, ತಾರಾಪುರ, ಥಾಣೆಗಳ ಹೆಸರಿತ್ತು. ಆ ವಾರ ಡೊಂಬಿವಲಿಯ ನಮ್ಮ ಸೊಸೈಟಿಯ ಗೇಟಿನ ಬಳಿ ದಿನಾ ಸಂಜೆ ಇದೇ ಮಾತು. "ಹಾಕಿದರೆ ಮುಂಬಯಿಗೆ ಹಾಕ್ತಾರೆ ಮಾರಾಯ್ರೆ. ನಾವು ಇಲ್ಲಿ ನಲವತ್ತು ಕಿಲೋಮೀಟರ್ ದೂರ ಇದ್ದೇವೆ" ಎಂದರು ಕುಂದಾಪುರ ಕಡೆಯ ಒಬ್ಬರು. ಉಳಿದವರೂ ತಲೆದೂಗಿದರು.

ಹಾಗೆಂದವರು ಮುಂಬಯಿಯ ಫೋರ್ಟಿನ ಹೋಟೆಲೊಂದರಲ್ಲಿ ಮ್ಯಾನೇಜರು. ಬೆಳಗಿನ ಜಾವದ ಲೋಕಲ್ ಹಿಡಿದರೆ ಮನೆಗೆ ಬರುವುದು ರಾತ್ರಿ. ಮಗಳು ಪರೇಲಿನಲ್ಲಿ ನರ್ಸು. ಮಗನಿಗೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ಕೆಲಸ. ಹಗಲು ಹನ್ನೊಂದು ಗಂಟೆಗೆ ಆ ನಾಲ್ವರ ಸಂಸಾರದಲ್ಲಿ ಡೊಂಬಿವಲಿಯಲ್ಲಿ ಇರುವುದು ಮನೆಯಾಕೆ ಒಬ್ಬರೇ. "ನಾವು ಇಲ್ಲಿ" ಎಂಬ ಮಾತು ರಾತ್ರಿಗಷ್ಟೇ ನಿಜ.

2011ರ ಜನಗಣತಿಯ ಪ್ರಕಾರ ಥಾಣೆ ನಗರದಲ್ಲಿ 18 ಲಕ್ಷ, ಕಲ್ಯಾಣ-ಡೊಂಬಿವಲಿಯಲ್ಲಿ 12 ಲಕ್ಷ, ನವಿಮುಂಬಯಿಯಲ್ಲಿ 11 ಲಕ್ಷ ಜನ. ಆಮೇಲೆ ಈ ಊರುಗಳು ಎಷ್ಟು ಬೆಳೆದಿವೆ ಎಂಬುದನ್ನು ಇಲ್ಲಿ ಮನೆ ಹುಡುಕಿದವರಿಗೆ ಹೇಳಬೇಕಾಗಿಲ್ಲ. ಆದರೆ ಜನಗಣತಿ ಮನುಷ್ಯರನ್ನು ಲೆಕ್ಕ ಹಿಡಿಯುವುದು ಅವರು ಮಲಗುವ ಊರಿನಲ್ಲಿ. ಹಗಲಿಗೆ ಈ ಊರುಗಳ ದುಡಿಯುವ ವಯಸ್ಸಿನ ಜನ ಲೋಕಲ್ ಗಾಡಿಯಲ್ಲಿ ಮುಂಬಯಿಗೆ ಹರಿದುಹೋಗುತ್ತಾರೆ. ಹಗಲು ಹೊತ್ತಿನಲ್ಲಿ ಮುಂಬಯಿಯ ಮೇಲೆ ಬಾಂಬು ಬಿದ್ದರೆ ಸಾಯುವವರಲ್ಲಿ ಎಷ್ಟು ಮಂದಿಯ ರೇಷನ್ ಕಾರ್ಡಿನಲ್ಲಿ ಡೊಂಬಿವಲಿಯ ವಿಳಾಸ ಇದ್ದೀತು, ಯೋಚಿಸಿ.

ಇದು ಬರೀ ಊಹೆಯಲ್ಲ. 1998ರ ಮೇ 11ರಂದು ಭಾರತ ಪೊಖ್ರಾನಿನಲ್ಲಿ, ಅದೇ ತಿಂಗಳ 28ರಂದು ಪಾಕಿಸ್ತಾನ ಚಾಗೈ ಬೆಟ್ಟಗಳಲ್ಲಿ ಅಣುಪರೀಕ್ಷೆ ನಡೆಸಿದವು. ಮರುವರ್ಷವೇ ಭೌತವಿಜ್ಞಾನಿ ಎಂ. ವಿ. ರಮಣ, ಮುಂಬಯಿಯ ಮೇಲೆ ಒಂದು ಬಾಂಬು ಸಿಡಿದರೆ ಏನಾಗುತ್ತದೆ ಎಂದು ಲೆಕ್ಕಹಾಕಿ ಪುಸ್ತಿಕೆಯೊಂದನ್ನು ಪ್ರಕಟಿಸಿದರು. ಹಿರೋಶಿಮಾದ ಗಾತ್ರದ, ಅಂದರೆ 15 ಕಿಲೋಟನ್ನಿನ ಬಾಂಬಿಗೆ 1.6 ಲಕ್ಷದಿಂದ 8.66 ಲಕ್ಷ ಸಾವು. ಅದರ ಹತ್ತು ಪಟ್ಟು ದೊಡ್ಡದಾದರೆ 7.36 ಲಕ್ಷದಿಂದ 86 ಲಕ್ಷದವರೆಗೆ. ಅಂದಾಜು ಇಷ್ಟು ಅಗಲವಾಗಿರಲು ದೊಡ್ಡ ಕಾರಣ ಜನಸಾಂದ್ರತೆ. ಬಾಂಬು ಎಲ್ಲಿ ಬೀಳುತ್ತದೆ, ಆಗ ಅಲ್ಲಿ ಎಷ್ಟು ಜನ ಒತ್ತಿ ನಿಂತಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಲೆಕ್ಕ ಮಾಡಿ ಕಾಲು ಶತಮಾನ ಕಳೆಯಿತು. ಊರು ಈಗ ಇನ್ನೂ ಒತ್ತಾಗಿದೆ.

15 ಕಿಲೋಟನ್ ಎಂದರೆ 15,000 ಟನ್ ಟಿಎನ್‌ಟಿ. ಮುಂಬಯಿಯ ಹಳಬರಿಗೆ ಇದನ್ನು ಅಳೆಯಲು ಒಂದು ಅಳತೆಗೋಲಿದೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿಯಿತು. ಅದರಲ್ಲಿದ್ದ ಸ್ಫೋಟಕ ಸುಮಾರು 1,400 ಟನ್. ದೂರದ ಶಿಮ್ಲಾದ ಭೂಕಂಪಮಾಪಕ ಅದನ್ನು ದಾಖಲಿಸಿತು. ಹಡಗಿನಲ್ಲಿದ್ದ ಚಿನ್ನದ ಗಟ್ಟಿಗಳು ಊರೊಳಗೆ ಹಾರಿ ಬಿದ್ದವು. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕರು ಸತ್ತರು. ಒಟ್ಟು ಸಾವು 800ರಿಂದ 1,300 ಎಂದು ಅಂದಾಜು. ದೇಶ ಇಂದಿಗೂ ಅಗ್ನಿಶಾಮಕ ದಿನ ಆಚರಿಸುವುದು ಏಪ್ರಿಲ್ 14ರಂದೇ. ಹಿರೋಶಿಮಾದ ಬಾಂಬು ಆ ಹಡಗಿನ ಹತ್ತು ಪಟ್ಟಿಗೂ ಹೆಚ್ಚು. ಅದರ ಜತೆಗೆ ಹಡಗಿನಲ್ಲಿ ಇಲ್ಲದಿದ್ದ ಎರಡು ಸಂಗತಿಗಳು: ಸುಡುವ ಬೆಳಕು ಮತ್ತು ವಿಕಿರಣ.

ಗಾಳಿಯಲ್ಲಿ ಸಿಡಿದ ಅಣುಬಾಂಬಿನ ಶಕ್ತಿಯಲ್ಲಿ ಸುಮಾರು ಅರ್ಧ ಪಾಲು ಅಪ್ಪಳಿಸುವ ಗಾಳಿಯಾಗುತ್ತದೆ, ಮೂರರಲ್ಲೊಂದು ಪಾಲು ಬೆಳಕು ಮತ್ತು ಶಾಖವಾಗುತ್ತದೆ, ಉಳಿದದ್ದು ವಿಕಿರಣ. ಬೆಳಕಿಗೆ ಸಮಯ ಬೇಡ. ಹಿರೋಶಿಮಾದಲ್ಲಿ ಎರಡು ಕಿಲೋಮೀಟರ್ ದೂರದಲ್ಲಿದ್ದವರ ಬಯಲು ಮೈಯೂ ಸುಟ್ಟಿತು. ಹೊಡೆತದ ಗಾಳಿ ಬರುವುದು ಅದರ ಹಿಂದೆ, ಹೆಚ್ಚುಕಡಿಮೆ ಶಬ್ದದ ವೇಗದಲ್ಲಿ. ಐದು ಕಿಲೋಮೀಟರ್ ತಲುಪಲು ಹನ್ನೆರಡು-ಹದಿಮೂರು ಸೆಕೆಂಡು. ಈ ನಡುವಣ ಸೆಕೆಂಡುಗಳ ಬಗ್ಗೆ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹೊಡೆತದ ಗಾಳಿ ಏನು ಮಾಡುತ್ತದೆಂದು ನಾವು ಡೊಂಬಿವಲಿಯಲ್ಲೇ ಕಂಡಿದ್ದೇವೆ. 2016ರ ಮೇ 26. ಹನ್ನೊಂದೂವರೆ ದಾಟಿತ್ತು. ಒಲೆಯ ಮೇಲೆ ಕುಚ್ಚಲಕ್ಕಿ ಅನ್ನ ಬೇಯುತ್ತಿತ್ತು. ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಯೊಂದು ಸಿಡಿಯಿತು. ನೆಲ ಅದುರಿದ್ದು, ಕಿವಿ ಗುಂಯ್ಗುಟ್ಟಿದ್ದು, ಕೋಣೆಯ ಕಿಟಕಿಯ ಗಾಜು ಒಳಕ್ಕೆ ಬಂದದ್ದು ಎಲ್ಲವೂ ಒಟ್ಟಿಗೆ. ಆಮೇಲೆ ಹಾಸಿಗೆಯ ಚಾದರ ಎತ್ತಿದಾಗ ಅದರಲ್ಲಿ ಗಾಜಿನ ಚೂರುಗಳು ನಿಂತಿದ್ದವು. ಬಿದ್ದಿರಲಿಲ್ಲ, ಮೊಳೆಯ ಹಾಗೆ ನಾಟಿಕೊಂಡಿದ್ದವು. ಐದು ನಿಮಿಷ ಮೊದಲು ಅಲ್ಲಿ ಮಗು ಮಲಗಿತ್ತು. ಪಕ್ಕದ ಮನೆಯ ಮಾವಶಿ ಏನಾಯಿತೆಂದು ನೋಡಲು ಬರಿಗಾಲಲ್ಲಿ ಗ್ಯಾಲರಿಗೆ ಓಡಿದರು. ಅವರ ಅಂಗಾಲಿನ ಚೂರು ತೆಗೆಯಲು ಡಾಕ್ಟರಿಗೆ ಒಂದು ಗಂಟೆ ಹಿಡಿಯಿತು. ಆ ದಿನ ಡೊಂಬಿವಲಿಯಲ್ಲಿ 12 ಮಂದಿ ಸತ್ತರು, ಇನ್ನೂರರ ಆಸುಪಾಸು ಮಂದಿ ಗಾಯಗೊಂಡರು. ಎಂಟು ವರ್ಷಗಳ ಬಳಿಕ, 2024ರ ಮೇ 23ರಂದು, ಅದೇ ಎಂಐಡಿಸಿಯಲ್ಲಿ ಮತ್ತೊಂದು ಕಾರ್ಖಾನೆಯ ರಿಯಾಕ್ಟರ್ ಸಿಡಿದು ಮತ್ತೆ ಹತ್ತಾರು ಮನೆಗಳ ಗಾಜು ಒಡೆಯಿತು, ಮತ್ತೆ ಸಾವುಗಳಾದವು.

ಓಡಿಹೋಗಿ ನೋಡುವುದು ಮನುಷ್ಯ ಸಹಜ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್ ನಗರದ ಮೇಲೆ ಉಲ್ಕೆಯೊಂದು ಸಿಡಿದಾಗಲೂ ಜನ ಮಾಡಿದ್ದು ಅದನ್ನೇ. ಅಷ್ಟು ದೊಡ್ಡ ಬೆಳಕು ಎಲ್ಲಿಂದ ಬಂತೆಂದು ಕಿಟಕಿಗೆ ಮುಖ ಒತ್ತಿ ನಿಂತರು. ಹೊಡೆತದ ಗಾಳಿ ಬಂದದ್ದು ಒಂದೆರಡು ನಿಮಿಷದ ಮೇಲೆ. ಆಸ್ಪತ್ರೆಗೆ ಹೋದವರು ಸುಮಾರು 1,500 ಮಂದಿ. ಹೆಚ್ಚಿನವರಿಗೆ ಗಾಜಿನ ಗಾಯ. ಒಂದು ಶಾಲೆಯಲ್ಲಿ ಮಾತ್ರ ಶಿಕ್ಷಕಿಯೊಬ್ಬರು ಬೆಳಕು ಕಂಡ ಕೂಡಲೇ ಮಕ್ಕಳನ್ನು ಮೇಜಿನ ಕೆಳಗೆ ಕೂರಿಸಿದರು. ಗಾಜು ಅವರ ಕೈ ಸೀಳಿತು. ತರಗತಿಯ 44 ಮಕ್ಕಳಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ಈ ಪಾಠ ನಮಗೂ ಬೇಕು. ಮುಂಬಯಿಯ ಟ್ರಾಂಬೆಯಿಂದ ನವಿಮುಂಬಯಿಯ ವಾಶಿ, ನೆರೂಳ್ ನೇರ ದಾರಿಯಲ್ಲಿ ಹತ್ತು-ಹನ್ನೊಂದು ಕಿಲೋಮೀಟರ್. ನಡುವೆ ಬರೀ ಖಾಡಿಯ ನೀರು. ಮುಂಬಯಿಯ ಪೂರ್ವ ಉಪನಗರದ ಮೇಲೆ ದೊಡ್ಡ ಬಾಂಬು ಸಿಡಿದರೆ ನವಿಮುಂಬಯಿಯ ಗಾಜಿನ ಕಟ್ಟಡಗಳಲ್ಲಿ ಕೂತವರಿಗೆ ಬೆಳಕಿಗೂ ಗಾಜಿಗೂ ನಡುವೆ ಸಿಗುವುದು ಅರ್ಧ ನಿಮಿಷ.

ಡೊಂಬಿವಲಿ, ಕಲ್ಯಾಣಗಳ ಮಾತು ಬೇರೆ. ಫೋರ್ಟಿನಲ್ಲಿ 15 ಕಿಲೋಟನ್ ಸಿಡಿದರೆ ಇಲ್ಲಿ ಯಾರ ಮೈಯೂ ಸುಡುವುದಿಲ್ಲ, ಯಾವ ಕಟ್ಟಡವೂ ಬೀಳುವುದಿಲ್ಲ. ಹೋಟೆಲಿನವರ ಮಾತು ಅಷ್ಟರ ಮಟ್ಟಿಗೆ ಸರಿ. ಇಲ್ಲಿಗೆ ಬರುವುದು ಗಾಳಿ.

ಬಾಂಬು ನೆಲಕ್ಕೆ ತಾಗಿ ಸಿಡಿದರೆ ಮಣ್ಣು, ಸಿಮೆಂಟು ಎಲ್ಲವನ್ನೂ ಆವಿಯಾಗಿಸಿ ಎತ್ತುತ್ತದೆ. ವಿಕಿರಣ ಹೊತ್ತ ಆ ಬೂದಿ ಗಾಳಿ ಬೀಸಿದತ್ತ ಹೋಗಿ ಬೀಳುತ್ತದೆ. ಮಳೆಗಾಲದ ಗಾಳಿ ಎತ್ತಣಿಂದ ಎಂಬುದು ನಮಗೆಲ್ಲ ಗೊತ್ತು: ಕಡಲಿಂದ ಘಟ್ಟದ ಕಡೆಗೆ, ಮುಂಬಯಿಯಿಂದ ಥಾಣೆ, ಕಲ್ಯಾಣದ ಕಡೆಗೆ. ಚಳಿಗಾಲದಲ್ಲಿ ಕೆಳಗಿನ ಗಾಳಿ ದಿಕ್ಕು ಬದಲಿಸಿದರೂ, ಬಾಂಬಿನ ಮೋಡ ಏರುವ ಎತ್ತರದಲ್ಲಿ ಬೀಸುವುದು ಪಡುವಣ ಗಾಳಿಯೇ. ನೆಲಕ್ಕೆ ತಾಗದೆ ಎತ್ತರದಲ್ಲಿ ಸಿಡಿದರೆ ಬೂದಿ ಕಡಿಮೆ. ಆದರೆ ಹಿರೋಶಿಮಾದಲ್ಲಿ ಬಾಂಬು ಸಿಡಿದದ್ದು ಸುಮಾರು 600 ಮೀಟರ್ ಎತ್ತರದಲ್ಲಿ. ಅಲ್ಲಿಯೂ ಸ್ವಲ್ಪ ಹೊತ್ತಿನಲ್ಲೇ ಕಪ್ಪು ಮಳೆ ಸುರಿಯಿತು. ಆ ಮಳೆಯಲ್ಲಿ ನೆನೆದ 84 ಮಂದಿಯನ್ನು ಬಾಂಬಿನ ಸಂತ್ರಸ್ತರೆಂದು ಅಲ್ಲಿನ ಹೈಕೋರ್ಟ್ ಒಪ್ಪಿದ್ದು 2021ರ ಜುಲೈಯಲ್ಲಿ, 76 ವರ್ಷಗಳ ಮೇಲೆ. ದೂರ ಇದ್ದೇವೆಂಬ ನೆಮ್ಮದಿಗೆ ಇನ್ನೊಂದು ಉತ್ತರ 1954ರದು. ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬು ಪರೀಕ್ಷಿಸಿದಾಗ, ಅಮೆರಿಕವೇ ಸಾರಿದ್ದ ಅಪಾಯ ವಲಯದ ಹೊರಗಿದ್ದ ಜಪಾನಿ ಮೀನುಗಾರಿಕೆ ದೋಣಿಯ ಮೇಲೆ ಬಿಳಿ ಬೂದಿ ಉದುರಿತು. 23 ಮಂದಿಯೂ ಕಾಯಿಲೆ ಬಿದ್ದರು; ಒಬ್ಬರು ಅದೇ ವರ್ಷ ತೀರಿಕೊಂಡರು. ಆ ಬಾಂಬು ಹಿರೋಶಿಮಾದ್ದಕ್ಕಿಂತ ಸಾವಿರ ಪಟ್ಟು ದೊಡ್ಡದು ನಿಜ. ಆದರೆ ಬೂದಿಗೆ ನಗರಸಭೆಯ ಗಡಿ ಗೊತ್ತಿಲ್ಲ ಎಂಬುದು ಚಿಕ್ಕ ಬಾಂಬಿಗೂ ಅನ್ವಯಿಸುತ್ತದೆ. ಮುಂಬಯಿಗೆ ನೀರು ಕೊಡುವ ತಾನ್ಸಾ, ಭಾತ್ಸಾ ಕೆರೆಗಳೂ ನಮ್ಮ ಬಾರವಿ ಅಣೆಕಟ್ಟೂ ಆಕಾಶಕ್ಕೆ ಬಾಯ್ತೆರೆದು ಕೂತಿರುವುದು ಇದೇ ಥಾಣೆ ಜಿಲ್ಲೆಯಲ್ಲಿ.

ಗಾಯಗೊಂಡವರೂ ಇತ್ತಲೇ ಬರಬೇಕು. ಹೇಗೆ ಬರುತ್ತಾರೆ? 2005ರ ಜುಲೈ 26ರಂದು ಬರೀ ಮಳೆನೀರಿಗೆ ಲೋಕಲ್ ನಿಂತಿತು. ಜನ ಹಳಿಯ ಮೇಲೆ ರಾತ್ರಿಯಿಡೀ ನಡೆದರು. 2020ರ ಅಕ್ಟೋಬರ್ 12ರಂದು ಕರೆಂಟು ಹೋಗಿ ಮುಂಬಯಿ, ಥಾಣೆ, ನವಿಮುಂಬಯಿ ಮೂರೂ ಒಮ್ಮೆಗೇ ಸ್ತಬ್ಧವಾದವು. ಬಾಂಬಿನ ದಿನ ಕರೆಂಟೂ ಇರದು, ಗಾಡಿಯೂ ಇರದು, ಸುಟ್ಟ ಮೈ ಹೊತ್ತು ನಡೆಯುವವರು ಸಾವಿರ ಸಾವಿರ. ಸುಟ್ಟಗಾಯಕ್ಕೇ ಮೀಸಲಾದ ದೊಡ್ಡ ಆಸ್ಪತ್ರೆ ಈ ಭಾಗದಲ್ಲಿರುವುದು ನವಿಮುಂಬಯಿಯ ಐರೋಲಿಯಲ್ಲಿ, ನ್ಯಾಷನಲ್ ಬರ್ನ್ಸ್ ಸೆಂಟರ್. ಅಲ್ಲಿನ ಹಾಸಿಗೆಗಳು 50. ಒಳ್ಳೆಯ ಆಸ್ಪತ್ರೆ ಅದು. ಮೈ ಅರ್ಧ ಸುಟ್ಟ ಒಬ್ಬ ರೋಗಿಗೆ ವಾರಗಟ್ಟಲೆ ಆರೈಕೆ ಬೇಕೆಂದು ಬಲ್ಲವರು ನಡೆಸುವ ಆಸ್ಪತ್ರೆ. ಹಿರೋಶಿಮಾದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಡಾಕ್ಟರು, ನರ್ಸುಗಳು ಸ್ವತಃ ಸತ್ತಿದ್ದರು ಅಥವಾ ಗಾಯಗೊಂಡಿದ್ದರು. ಪರೇಲಿನ ಆ ಮಗಳು ನೆನಪಾಗುತ್ತಾಳೆ.

ಮನೆಯಲ್ಲಿ ಇರುವವರು ಮಾಡಬಹುದಾದ್ದು ಕೆಲವಿದೆ. ಕಣ್ಣು ಕೋರೈಸುವ ಬೆಳಕು ಕಂಡರೆ ಕಿಟಕಿಗೆ ಬೆನ್ನು ಮಾಡಿ, ಗೋಡೆಯ ಮರೆಯಲ್ಲಿ ಬೋರಲು ಮಲಗಿ, ಎರಡು ನಿಮಿಷ ಏಳಬೇಡಿ. ಬೂದಿಯ ವಿಕಿರಣ ಏಳು ಗಂಟೆಗೆ ಹತ್ತನೇ ಒಂದಕ್ಕೆ, ಎರಡು ದಿನಕ್ಕೆ ನೂರನೇ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲ ಎರಡು ದಿನ ಹೊರಗೆ ಹೆಜ್ಜೆ ಇಡದಿರುವುದೇ ದೊಡ್ಡ ಔಷಧಿ. ಕಾಂಕ್ರೀಟು ಕಟ್ಟಡದ ನಡು ಮಹಡಿ, ನಡುಕೋಣೆ ಒಳ್ಳೆಯದು. ಮೇಲಿನ ಮಹಡಿ, ತಗಡಿನ ಮಾಡಿನ ಚಾಳು ಬೇಡ. ಹೊರಗಿನಿಂದ ಬಂದವರು ಮೇಲುಬಟ್ಟೆ ಬಾಗಿಲಲ್ಲೇ ಕಳಚಿ ತಲೆ, ಮೈ ತೊಳೆದರೆ ಮೈಗಂಟಿದ ಧೂಳಿನ ಹೆಚ್ಚು ಪಾಲು ಹೋಗುತ್ತದೆ. ಮುಚ್ಚಿದ ಟಾಂಕಿಯ ನೀರು ಕುಡಿಯಿರಿ, ಮೊದಲ ಮಳೆಗೆ ನೆನೆಯಬೇಡಿ. ಇಷ್ಟನ್ನು ನಮ್ಮ ಕರ್ನಾಟಕ ಸಂಘಗಳು, ಸೊಸೈಟಿಗಳು, ಶಾಲೆಗಳು ಒಂದು ಗಂಟೆಯಲ್ಲಿ ಕಲಿಸಬಹುದು. ಇದರಿಂದ ಉಳಿಯುವುದು ಅಂಚಿನಲ್ಲಿದ್ದವರು ಮಾತ್ರ. ಫೋರ್ಟಿಗೆ, ಪರೇಲಿಗೆ ಹೋದವರಿಗೆ ಇದರಲ್ಲಿ ಒಂದೂ ಉಪಯೋಗಕ್ಕೆ ಬಾರದು.

ಹಾಗಾಗಿ ಬಾಂಬು ಬೀಳದಂತೆ ನೋಡಿಕೊಳ್ಳುವುದೊಂದೇ ರಕ್ಷಣೆ. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ 2025ರ ಅಂದಾಜಿನಂತೆ ಭಾರತದಲ್ಲಿ 180, ಪಾಕಿಸ್ತಾನದಲ್ಲಿ 170 ಸಿಡಿತಲೆಗಳಿವೆ. ಅಲ್ಲಿಂದ ಇಲ್ಲಿಗೆ ಕ್ಷಿಪಣಿಗೆ ಹಿಡಿಯುವುದು ಹತ್ತು ನಿಮಿಷದ ಆಸುಪಾಸು. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಥಾಣೆ ಮುಟ್ಟುವುದರೊಳಗೆ ಎಲ್ಲ ಮುಗಿದಿರುತ್ತದೆ. ತಪ್ಪಾಗುವುದಿಲ್ಲ ಎನ್ನುವಂತಿಲ್ಲ. 2022ರ ಮಾರ್ಚ್ 9ರಂದು ನಮ್ಮದೇ ಬ್ರಹ್ಮೋಸ್ ಕ್ಷಿಪಣಿಯೊಂದು ಕೈತಪ್ಪಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನುವಿನಲ್ಲಿ ಬಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಪಾಕಿಸ್ತಾನದವರು ತಾಳ್ಮೆ ತೋರಿದರು. ನಮ್ಮ ಮೂವರು ಅಧಿಕಾರಿಗಳು ಕೆಲಸ ಕಳೆದುಕೊಂಡರು. ಪೊಖ್ರಾನಿನ ಮೊದಲ ಪರೀಕ್ಷೆಯನ್ನು ಮುನ್ನಡೆಸಿದ ರಾಜಾ ರಾಮಣ್ಣ ನಮ್ಮ ತುಮಕೂರಿನವರೆಂದು ಹೆಮ್ಮೆಪಡುವ ನಾವು, ಆ ವಿದ್ಯೆಯ ಈ ಮುಖವನ್ನೂ ಓದಿ ತಿಳಿಯಬೇಕು.

ಎರಡೂ ದೇಶಗಳು ಮಾತಾಡಲಾರವು ಎಂಬುದು ಸುಳ್ಳು. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು 1988ರ ಡಿಸೆಂಬರ್ 31ರಂದು ಅವು ಒಪ್ಪಂದಕ್ಕೆ ಸಹಿ ಹಾಕಿದವು. 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿಯನ್ನು ಅದಲುಬದಲು ಮಾಡಿಕೊಳ್ಳುತ್ತಿವೆ. ಕಾರ್ಗಿಲ್ ಆದಮೇಲೂ, ಮುಂಬಯಿಯ ಮೇಲೆ ಉಗ್ರರ ದಾಳಿ ನಡೆದ ಮೇಲೂ ಅದು ನಿಲ್ಲಲಿಲ್ಲ. ಆ ಒಪ್ಪಂದ ಕಾಯುವುದು ಅಣುಸ್ಥಾವರಗಳನ್ನು. ಅವುಗಳ ಸುತ್ತ ಬದುಕುವ ಊರುಗಳಿಗೆ ಅಂಥ ಮಾತು ಯಾರೂ ಕೊಟ್ಟಿಲ್ಲ. ಮುಂದಿನ ಸಲ ಮತ ಕೇಳಲು ಸೊಸೈಟಿಯ ಗೇಟಿಗೆ ಬಂದವರನ್ನು, ಯಾವ ಪಕ್ಷದವರಾಗಲಿ, ನಿಲ್ಲಿಸಿ ಕೇಳಿ: ಆ ಒಪ್ಪಂದದಲ್ಲಿ ನಮ್ಮ ಊರುಗಳ ಹೆಸರು ಸೇರುವುದು ಯಾವಾಗ?