ಶೆರಿಫ್ ಕಾರು, ಅದರ ಮೇಲೊಂದು ‘ಇ’

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ ಆ್ಯಪಲ್ ಕಂಪನಿಯ ಊರು. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದ ಕನ್ನಡದ ಕುಟುಂಬಗಳೂ ಅಲ್ಲಿ ನೆಲೆಸಿವೆ. ಅಷ್ಟು ಸಿರಿವಂತ ಊರಿಗೆ ಸ್ವಂತದ್ದೊಂದು ಪೊಲೀಸ್ ಪಡೆ ಇಲ್ಲ! ಬೀದಿಗಳಲ್ಲಿ ಗಸ್ತು ತಿರುಗುವುದು ಸಾಂತಾ ಕ್ಲಾರಾ ಕೌಂಟಿಯ ಶೆರಿಫ್ ಕಾರುಗಳು. ನಗರಾಡಳಿತ ಕೌಂಟಿಗೆ ಹಣ ಕಟ್ಟಿ ಈ ಸೇವೆ ಪಡೆಯುತ್ತದೆ. ಲಾಸ್ ಏಂಜಲೀಸ್ ಬಳಿಯ ಲೇಕ್‌ವುಡ್ 1954ರಲ್ಲಿ ಇಂಥದ್ದೇ ಗುತ್ತಿಗೆಯ ದಾರಿ ಹಿಡಿದ ಮೇಲೆ ಎಷ್ಟೋ ಸಣ್ಣ ನಗರಗಳು ಅದನ್ನೇ ಅನುಸರಿಸಿದವು.

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಆದರೆ ಶೆರಿಫ್ ನಮ್ಮ ಎಸ್‌ಪಿಯಂತಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಆತ ಮತ ಕೇಳಿ ಗೆದ್ದು ಬರಬೇಕು. ಗಸ್ತಿನ ಜೊತೆಗೆ ಕೌಂಟಿ ಜೈಲು, ನ್ಯಾಯಾಲಯದ ಕಾವಲು, ಸಮನ್ಸ್ ಜಾರಿಯಂಥ ಕೆಲಸಗಳೂ ಸಾಮಾನ್ಯವಾಗಿ ಅವನ ತಲೆಗೇ. ಲೂಸಿಯಾನಾದಲ್ಲಂತೂ ಆಸ್ತಿ ತೆರಿಗೆ ವಸೂಲಿ ಮಾಡುವವನೂ ಶೆರಿಫ್!

ಅವನ ಕೈಕೆಳಗಿನ ಡೆಪ್ಯುಟಿಗಳಿಗೆ ಕಾರೇ ಕಚೇರಿ. ದಶಕಗಳ ಕಾಲ ಆ ಪಟ್ಟ ಫೋರ್ಡ್ ಕ್ರೌನ್ ವಿಕ್ಟೋರಿಯಾದ್ದಾಗಿತ್ತು. ವಿ8 ಎಂಜಿನ್, ಹಿಂಚಕ್ರದ ಚಾಲನೆ, ಟ್ರಕ್ಕಿನಂತೆ ಪ್ರತ್ಯೇಕ ಚಾಸಿ. ಗುದ್ದಿಸಿಕೊಂಡರೂ ರಿಪೇರಿ ಸುಲಭ. 2011ರಲ್ಲಿ ಅದರ ತಯಾರಿಕೆ ನಿಂತಾಗ ಹಳಬರು ಮುಖ ಸಣ್ಣ ಮಾಡಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಈಗ ಎಲ್ಲೆಲ್ಲೂ ಕಾಣುವುದು ಫೋರ್ಡ್ ಎಕ್ಸ್‌ಪ್ಲೋರರ್‌ನ ಪೊಲೀಸ್ ಆವೃತ್ತಿ. ಹೊರಗಿನಿಂದ ನೋಡಿದರೆ ಮಾಮೂಲಿ ಎಸ್‌ಯುವಿ. ಬಾಗಿಲು ತೆರೆದರೆ ಬೇರೆಯದೇ ಲೋಕ: ಸೊಂಟಕ್ಕೆ ಬಂದೂಕು, ಬೇಡಿ ಕಟ್ಟಿಕೊಂಡವರು ಕೂರಲೆಂದೇ ರೂಪಿಸಿದ ಸೀಟು, ನಡುವೆ ಲ್ಯಾಪ್‌ಟಾಪ್‌ಗೆ ಜಾಗ ಬಿಡಲು ಸ್ಟಿಯರಿಂಗ್ ಪಕ್ಕಕ್ಕೆ ಸರಿದ ಗೇರ್ ಲಿವರ್, ಹಿಂದೆ ತೊಳೆಯಲು ಅನುಕೂಲವಾದ ಗಟ್ಟಿ ಪ್ಲಾಸ್ಟಿಕ್ ಆಸನ, ಒಳಗಿನಿಂದ ತೆರೆಯಲಾಗದ ಬಾಗಿಲು. ಲಾಸ್ ಏಂಜಲೀಸ್ ಕೌಂಟಿಯ ಕಾರುಗಳಿಗೆ ಚಾವಣಿಯ ಮೇಲೂ ದೊಡ್ಡ ಅಂಕಿಗಳಿರುತ್ತವೆ, ಹೆಲಿಕಾಪ್ಟರಿನಿಂದ ಗುರುತಿಸಲು.

ಬಣ್ಣಕ್ಕೆ ದೇಶಕ್ಕೆಲ್ಲ ಒಂದೇ ನಿಯಮವಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಕಪ್ಪು-ಬಿಳುಪು, ಫ್ಲಾರಿಡಾದ ಹಲವು ಕೌಂಟಿಗಳಲ್ಲಿ ಹಸಿರು-ಬಿಳುಪು. ಬಾಗಿಲ ಮೇಲಿನ ನಕ್ಷತ್ರಕ್ಕೂ ಒಂದೆಡೆ ಐದು ಮೂಲೆ, ಇನ್ನೊಂದೆಡೆ ಆರು.

ನಂಬರ್ ಪ್ಲೇಟಿನ ಕಥೆಯೂ ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ ಕೌಂಟಿ, ನಗರಗಳ ವಾಹನಗಳ ಪ್ಲೇಟಿನಲ್ಲಿ ಎಂಟು ಮೂಲೆಯ ಚೌಕಟ್ಟಿನೊಳಗೆ ಇಂಗ್ಲಿಷ್ ‘ಇ’ ಅಕ್ಷರವಿದ್ದರೆ, ರಾಜ್ಯ ಸರ್ಕಾರದವಕ್ಕೆ ವಜ್ರಾಕೃತಿಯೊಳಗಿನ ‘ಇ’. ನೋಂದಣಿ ಶುಲ್ಕದಿಂದ ವಿನಾಯಿತಿ ಎಂಬುದು ಅದರ ಅರ್ಥ. ಹಾಗಾಗಿ ಸಾಮಾನ್ಯರ ಕಾರಿನಂತೆ ವರ್ಷ ವರ್ಷ ಹೊಸ ಸ್ಟಿಕರ್ ಅಂಟಿಸುವ ಗೋಜಿಲ್ಲ. ಮಫ್ತಿಯಲ್ಲಿ ತನಿಖೆಗೆ ಹೊರಡುವ ಕಾರಿಗೆ ಮಾತ್ರ ಈ ‘ಇ’ ಗುಟ್ಟು ರಟ್ಟು ಮಾಡುತ್ತದೆ; ಅಂಥವಕ್ಕೆ ಸಾಮಾನ್ಯರ ಪ್ಲೇಟನ್ನೇ ಕೊಡಲು ಅವಕಾಶವಿದೆ.

ಮೊಂಟಾನಾದಲ್ಲಿ ಖಾಸಗಿ ಕಾರಿನ ಪ್ಲೇಟೂ ಕೌಂಟಿಯ ಹೆಸರು ಹೇಳುತ್ತದೆ. ಅಲ್ಲಿನ 56 ಕೌಂಟಿಗಳಿಗೆ ಒಂದೊಂದು ಸಂಖ್ಯೆ. ತಾಮ್ರದ ಗಣಿಯಿಂದ ಮೆರೆದ ಬ್ಯೂಟ್ ಪಟ್ಟಣದ ಸಿಲ್ವರ್ ಬೋ ಕೌಂಟಿ 1. ಗಣಿಯ ವೈಭವ ಇಳಿದು, ಜನಸಂಖ್ಯೆಯಲ್ಲಿ ಬಿಲ್ಲಿಂಗ್ಸ್ ನಗರದ ಯೆಲ್ಲೊಸ್ಟೋನ್ ಕೌಂಟಿ ಎಲ್ಲರನ್ನೂ ಹಿಂದಿಕ್ಕಿದೆ. ಆದರೂ ಅದರ ಅಂಕಿ ಇವತ್ತಿಗೂ 3.

ಓಡಿ ಓಡಿ ಸವೆದ ಶೆರಿಫ್ ಕಾರುಗಳು ಕೊನೆಗೆ ಹರಾಜಿಗೆ ಬರುತ್ತವೆ. ಟ್ಯಾಕ್ಸಿ ಓಡಿಸುವವರಿಗೆ ಹಳೆಯ ಕ್ರೌನ್ ವಿಕ್ಟೋರಿಯಾ ಅಚ್ಚುಮೆಚ್ಚಾಗಿತ್ತು. ಕ್ಯಾಲಿಫೋರ್ನಿಯಾದ ಕಾನೂನು ಇಲ್ಲೂ ಒಂದು ಷರತ್ತು ಹಾಕಿದೆ: ಗಸ್ತಿನ ಬಣ್ಣದ ಕಾರನ್ನು ಖಾಸಗಿಯವರಿಗೆ ಮಾರುವಾಗ, ಪೊಲೀಸ್ ಕಾರಿನಂತೆ ಕಾಣದ ಹಾಗೆ ಬೇರೆ ಬಣ್ಣ ಬಳಿಯುವ ಹೊಣೆ ಮಾರುವವರದ್ದೇ.